ಬಂದರಿನ ಬುತ್ತಿ

ಓಂಪ್ರಕಾಶನಿಗೆ ಹಡಗು ಹತ್ತುವ ಯೋಗ ತಂದುಕೊಟ್ಟದ್ದು ಸೋಯಾಬೀನ್ ಬೀಜ. ಹುಮನಾಬಾದಿನಲ್ಲಿ ಹೆದ್ದಾರಿಯ ಪಕ್ಕ ಅವನದು ಬೀಜ-ಗೊಬ್ಬರದ ಅಂಗಡಿ. ಮನೆ ಮಾತ್ರ ಬಸವಕಲ್ಯಾಣದಲ್ಲಿ, ಕೋಟೆಯ ಹಿಂದಿನ ಓಣಿಯಲ್ಲಿ. ಹೆಚ್ಚು ಚೀಲ ಮಾರಿದ ಅಂಗಡಿಕಾರರನ್ನು ಮನೆಮಂದಿ ಸಮೇತ ಮುಂಬೈಯಿಂದ ಗೋವಾಕ್ಕೆ ಹಡಗಿನಲ್ಲಿ ಸುತ್ತಾಡಿಸಿ ತರುತ್ತೇವೆಂದು ಬೀಜದ ಕಂಪನಿಯೊಂದು ಆಸೆ ಹಚ್ಚಿತ್ತು. ಓಂಪ್ರಕಾಶ ಬೇಕೆಂದವರಿಗೂ ಬೇಡವೆಂದವರಿಗೂ ಬೀಜ ಕಟ್ಟಿ ಕಳಿಸಿ ಗೆದ್ದ. ಸಂಜೆ ಮನೆಗೆ ಬಂದವನು ಚಪ್ಪಲಿ ಬಿಡುವ ಮೊದಲೇ ಸುದ್ದಿ ಬಿಚ್ಚಿದ.

ಅವನ ತಾಯಿ ಸಂಗಮ್ಮ ಒಲೆಯ ಮುಂದೆ ಕೂತು ರೊಟ್ಟಿ ಬಡಿಯುತ್ತಿದ್ದಳು.

"ಮೂರು ದಿನ ನೀರಾಗ ಕುಂತು ಏನ್ ಮಾಡೋದದಪಾ ಅಲ್ಲಿ?"

"ಉಣ್ಣೋದು, ತಿರಗೋದು, ಮಲಗೋದು. ಎಲ್ಲಾ ಫುಕಟ್, ಅವ್ವಾ."

"ಅದನ್ನ ಮನ್ಯಾಗೂ ಮಾಡಾಕತ್ತೀಯಲ್ಲ. ಅದಕ್ಕ ಹಡಗ್ಯಾಕ ಬೇಕು?"

ಪಡಸಾಲೆಯಲ್ಲಿ ಕೂತಿದ್ದ ಅವಳ ಗಂಡ ವೈಜನಾಥ ನಕ್ಕ. ಅಂಗಡಿಯನ್ನು ಮಗನ ಕೈಗೆ ಕೊಟ್ಟ ಮೇಲೆ ಅವನಿಗೆ ನಗುವುದಕ್ಕೂ ಸಿಟ್ಟು ಮಾಡುವುದಕ್ಕೂ ಬೇಕಾದಷ್ಟು ಪುರುಸೊತ್ತು ಇತ್ತು. "ನಂಗಂತೂ ಬ್ಯಾಡ. ಈ ಮೊಳಕಾಲು ಮಾಳಿಗಿ ಏರವಲ್ಲವು, ಹಡಗೆಲ್ಲಿ ಏರ್ತಾವ" ಎಂದ.

ಸೊಸೆ ಪೂನಂ ಹಂಚಿನ ಮೇಲಿನ ರೊಟ್ಟಿ ಹೊರಳಿಸುತ್ತ, ಪಡಸಾಲೆಗೆ ಕೇಳದಂತೆ ದನಿ ತಗ್ಗಿಸಿದಳು. "ಅತ್ತಿ, ಹಡಗು ಗೋವಾದಾಗ ಒಂದ ದಿನ ನಿಂದರ್ತದಂತ. ಮುಂಜಾನಿಂದ ಸಂಜಿ ತನಕ ಮಂದೀಗಿ ಹೊರಗ ಬಿಡ್ತಾರಂತ."

ಸಂಗಮ್ಮನ ಕೈ ಹಿಟ್ಟಿನ ಮೇಲೆಯೇ ನಿಂತಿತು. ಗೋವಾ ಅಂದರೆ ಅವಳ ಪಾಲಿಗೆ ಸಮುದ್ರವೂ ಅಲ್ಲ, ಗೋಡಂಬಿಯೂ ಅಲ್ಲ. ಅಲ್ಲಿಯ ವಾಸ್ಕೋದಲ್ಲಿ ಅವಳ ಮಗಳು ಭುವನೇಶ್ವರಿ ಸಂಸಾರ ಮಾಡಿಕೊಂಡಿದ್ದಳು.

ಭುವನೇಶ್ವರಿ ಆರು ವರ್ಷದ ಹಿಂದೆ ಪಕ್ಕದ ಹಳ್ಳಿ ಮೋರಖಂಡಿಯ ಸಂಘರತ್ನನನ್ನು ಮದುವೆಯಾಗಿ ಹೋದವಳು. ಇಬ್ಬರೂ ಒಂದೇ ಕಾಲೇಜಿನಲ್ಲಿ ಓದಿದವರು. ಹುಡುಗನಿಗೆ ರೈಲ್ವೆಯಲ್ಲಿ ನೌಕರಿ, ಕುಡಿತವಿಲ್ಲ, ಮಾತು ಮೆತ್ತಗೆ. ಆದರೆ ಅವನು ಸೋನುಬಾಯಿಯ ಮಗ. ಸೋನುಬಾಯಿ ಸುಗ್ಗಿ ಮುಗಿದ ಮೇಲೆ ಇದೇ ಮನೆಗೆ ತೊಗರಿ ಹಸನು ಮಾಡಲು ಬರುತ್ತಿದ್ದಳು. ಅಂಗಳದ ಗೋಡೆಯ ಗೂಡಿನಲ್ಲಿ ಅವಳಿಗೊಂದು ಗ್ಲಾಸು, ಒಂದು ತಾಟು ಇರುತ್ತಿದ್ದವು. ಮೇಲಿಂದ ಸುರಿದ ಚಹಾ ಕುಡಿದು, ತಾನೇ ತೊಳೆದು, ಬೋರಲು ಹಾಕಿ ಗೂಡಿನಲ್ಲಿಟ್ಟು ಹೋಗುತ್ತಿದ್ದಳು. ಆ ಮನೆಗೆ ಮಗಳು ಸೊಸೆಯಾಗಿ ಹೋದಳೆಂದು ಗೊತ್ತಾದ ದಿನ ವೈಜನಾಥ ಗೂಡಿನ ಗ್ಲಾಸು, ತಾಟು ಎರಡನ್ನೂ ಓಣಿಗೆ ಎಸೆದಿದ್ದ. ಅವನು ಪ್ರತಿ ಸೋಮವಾರ ಅನುಭವ ಮಂಟಪದ ಪ್ರಾರ್ಥನೆಗೆ ತಪ್ಪದೆ ಹೋಗುವ ಮನುಷ್ಯ. ಮೇಲು-ಕೀಳು ಇಲ್ಲವೆಂದು ಅಲ್ಲಿ ತಾಳ ಹಾಕಿ ಹಾಡಿ ಬಂದು, ಇಲ್ಲಿ ಯಾರಾದರೂ ಮಗಳ ಹೆಸರು ಎತ್ತಿದರೆ ತಾಟು ಸರಿಸಿ ಎದ್ದುಬಿಡುತ್ತಿದ್ದ.

ಪೂನಂ ಮಾತ್ರ ನಾದಿನಿಯ ಜೊತೆ ಕದ್ದು ಮಾತಾಡುತ್ತಿದ್ದಳು. ಮಧ್ಯಾಹ್ನ ಗಂಡಸರು ಇಲ್ಲದಾಗ ಬಚ್ಚಲ ಪಕ್ಕ ನಿಂತು ವೀಡಿಯೋ ಕಾಲ್ ಹಚ್ಚಿ, ಅತ್ತೆಗೆ ಮೊಮ್ಮಗಳು ಆಮ್ರಪಾಲಿಯ ಮುಖ ತೋರಿಸುತ್ತಿದ್ದಳು. ಸಂಗಮ್ಮ ಆ ಮೊಮ್ಮಗಳನ್ನು ಗಾಜಿನಾಚೆ ನೋಡಿದ್ದಳೇ ವಿನಾ ಮುಟ್ಟಿರಲಿಲ್ಲ.

ಅಂದು ಊಟಕ್ಕೆ ಕೂತಾಗ ಸಂಗಮ್ಮ ಹುಳಿ ಬಡಿಸುತ್ತ, "ನಾನೂ ಹಡಗಿಗಿ ಬರ್ತೀನಿ" ಎಂದಳು.

ಓಂಪ್ರಕಾಶ ತುತ್ತು ಬಿಟ್ಟು ನೋಡಿದ. "ಈಗರೆ ಬ್ಯಾಡಂತಿದ್ದಿ?"

"ಸಾಯೂದ್ರಾಗ ಒಮ್ಮಿ ಸಮುದ್ರ ನೋಡಬಾರದೇನು ನಾ?"

ಪೂನಂ ನಗು ತಡೆಯಲಾರದೆ ನೀರು ತರುವ ನೆಪದಲ್ಲಿ ಒಳಗೆ ಹೋದಳು. ವೈಜನಾಥನಿಗೆ ಏನೂ ಹೊಳೆಯಲಿಲ್ಲ. ಹೆಂಡತಿಗೆ ಇಷ್ಟು ವಯಸ್ಸಾದ ಮೇಲೆ ತಿರುಗಾಟದ ಹುಚ್ಚು ಹಿಡಿಯಿತೆಂದು ಓಣಿಯಲ್ಲಿ ಹೇಳಿಕೊಂಡು ತಿರುಗಿದ.

ಹೊರಡುವ ತನಕದ ವಾರಗಳಲ್ಲಿ ಸಂಗಮ್ಮನ ಕೈ ಬಿಡುವಿರಲಿಲ್ಲ. ಬೇಸನ್ ಉಂಡಿ ಕಟ್ಟಿದಳು, ಅವಲಕ್ಕಿ ಹುರಿದಳು. ಸಂದೂಕಿನಿಂದ ಒಂದು ಇಳಕಲ್ ಕುಬಸದ ಕಣ, ಸಣ್ಣ ಬೆಳ್ಳಿ ಕಾಲ್ಗೆಜ್ಜೆ ತೆಗೆದು ಚೀಲದ ತಳದಲ್ಲಿ ಸೀರೆಯ ನಡುವೆ ಹುದುಗಿಸಿದಳು. ಪೂನಂ ತನ್ನ ಮಕ್ಕಳಿಬ್ಬರನ್ನು ಉದಗೀರಿನ ತವರಿಗೆ ಬಿಟ್ಟು ಬಂದಳು. ಹುಮನಾಬಾದಿನಲ್ಲಿ ಮುಂಬೈ ಬಸ್ಸು ಹತ್ತುವಾಗ ಸಂಗಮ್ಮ ಸೊಸೆಯ ಕಿವಿಯಲ್ಲಿ ಕೇಳಿದಳು. "ಬರ್ತಾಳಂತೇನು?"

"ಬಂದರದ ಗೇಟಿನ ಹೊರಗ ನಿಂದರ್ತಾಳಂತ. ಒಳಗ ಬಿಡಂಗಿಲ್ಲಂತ್ರಿ."

ಹಡಗು ಸಂಗಮ್ಮನಿಗೆ ಹತ್ತಿದ ಗಳಿಗೆಯಿಂದಲೇ ಹೇಸಿಗೆಯಾಯಿತು. ಹಡಗೆಂದರೆ ನೀರಿನ ಮೇಲೆ ಹೋಗುವ ಬಯಲು ಎಂದುಕೊಂಡಿದ್ದಳು. ಇದು ನೋಡಿದರೆ ಲಾಡ್ಜಿನ ಮೇಲೆ ಲಾಡ್ಜು ಕಟ್ಟಿದಂತಿತ್ತು. ಅವರಿಗೆ ಸಿಕ್ಕ ಕೋಣೆಗೆ ಕಿಟಕಿಯೇ ಇರಲಿಲ್ಲ. ಸ್ನಾನ, ಸಂಡಾಸ ಎಲ್ಲಾ ಒಂದೇ ಗೂಡಿನಲ್ಲಿ. ಅಲ್ಲಿ ಮಿಂದು ಬಂದು, ಮಂಚದ ಮೂಲೆಯಲ್ಲಿ ಕೂತು ಎಡ ಅಂಗೈಯಲ್ಲಿ ಲಿಂಗ ಇಟ್ಟುಕೊಂಡು ಪೂಜೆ ಮಾಡುವಾಗ ಅವಳಿಗೆ ಮೈಯೆಲ್ಲ ಮುಜುಗರ. ಪೂಜೆ ಆಗದೆ ಅವಳು ಬಾಯಿಗೆ ನೀರೂ ಹಾಕುವವಳಲ್ಲ.

ಊಟದ ಸಾಲಿನಲ್ಲಿ ಅವಳಿಗೆ ವಾಕರಿಕೆಯೇ ಬಂತು. ಮಂದಿ ತಾಟಿನ ತುಂಬ ಒಟ್ಟಿಕೊಂಡು, ಎರಡು ತುತ್ತು ತಿಂದು, ಉಳಿದದ್ದನ್ನು ಹಾಗೆಯೇ ಬಿಟ್ಟು ಮತ್ತೆ ಸಾಲಿಗೆ ಹೋಗುತ್ತಿದ್ದರು. ಕೋಳಿಯ ತಪ್ಪಲೆಯಿಂದ ತೆಗೆದ ಸೌಟು ಬೇಳೆಯಲ್ಲಿ ಬಿದ್ದಿತ್ತು. ಮೇಜಿನ ಮೇಲೆ ಕಡಿದು ಬಿಟ್ಟ ಕೇಕು, ಅದರೊಳಗೆ ಚುಚ್ಚಿದ ಸಿಗರೇಟಿನ ತುಂಡು. ಓಂಪ್ರಕಾಶ ಮಾತ್ರ ಅಲ್ಲೇ ಹುಟ್ಟಿ ಬೆಳೆದವನಂತೆ ತಾಟು ಹಿಡಿದು ಓಡಾಡುತ್ತಿದ್ದ. ಜೊತೆಗೆ ಭಾಲ್ಕಿಯ ಧನರಾಜ. ಅವನೂ ಬೀಜದ ಅಂಗಡಿಯವನು, ಅವರದೇ ಜನ. ಬೀದರ ಜಿಲ್ಲೆಯ ಯಾವ ಮನೆಯಲ್ಲಿ ಯಾವ ಹುಡುಗಿ ಇದ್ದಾಳೆ, ಯಾವ ಹುಡುಗ ಕೆಟ್ಟಿದ್ದಾನೆ ಎಂಬುದೆಲ್ಲ ಅವನ ನಾಲಿಗೆ ತುದಿಯಲ್ಲೇ ಇರುತ್ತಿತ್ತು.

"ನೀ ಏನೂ ಉಣವಲ್ಲಿ ಅವ್ವಾ" ಎಂದ ಓಂಪ್ರಕಾಶ, ಬಾಯಿ ಒರೆಸಿಕೊಳ್ಳುತ್ತ.

"ಅಡಗಿ ಯಾರ್ ಮಾಡ್ಯಾರಪಾ ಇದು?"

"ಯಾರರೆ ಮಾಡಿರಲಿ. ಇಲ್ಲಿ ಅದನ್ನೆಲ್ಲ ಯಾರು ಕೇಳ್ತಾರ?"

ಸಂಗಮ್ಮ ಬಾಳೆಹಣ್ಣು, ಮೊಸರು, ತಾನು ತಂದ ಉಂಡಿಯಲ್ಲೇ ಎರಡು ದಿನ ದೂಡಿದಳು. ನಾಳೆ ಮಗಳ ಕೈಯ ರೊಟ್ಟಿ ಸಿಗುತ್ತದೆ ಎಂಬ ಆಸೆಯೊಂದೇ ಅವಳ ಹೊಟ್ಟೆಗೆ ಆಧಾರವಾಗಿತ್ತು.

ಗೋವಾದ ಬಂದರಿಗೆ ಬಂದ ಮುಂಜಾನೆ ಬಿಸಿಲು ಆಗಲೇ ಚುರುಗುಡುತ್ತಿತ್ತು. ಅಲ್ಲಿ ತೆಂಗಿನ ಮರವಿಲ್ಲ, ಮರಳಿಲ್ಲ. ಕ್ರೇನು, ತಗಡಿನ ಗೋದಾಮು, ಲಾರಿ, ಎಣ್ಣೆ ತೇಲುವ ನೀರು. ಬಂದರಿನೊಳಗಿನ ಬಸ್ಸು ಎಲ್ಲರನ್ನೂ ಗೇಟಿನ ಹೊರಗೆ ತಂದು ಸುರಿಯಿತು. ಕಂಪನಿಯ ಬಸ್ಸು ಅಲ್ಲಿಂದ ಊರು ತೋರಿಸಲು ಕರೆದೊಯ್ಯಬೇಕು. ಟ್ಯಾಕ್ಸಿಯವರು ಮುತ್ತಿಕೊಂಡು ಕೈ ಹಿಡಿದು ಎಳೆಯತೊಡಗಿದರು. ಅವರ ನಡುವೆ ದಾರಿ ಮಾಡಿಕೊಂಡು, ಒಂದು ಕೈಯಲ್ಲಿ ಮಗಳು, ಇನ್ನೊಂದು ಕೈಯಲ್ಲಿ ಮೂರಂತಸ್ತಿನ ಸ್ಟೀಲ್ ಡಬ್ಬಿ ಹಿಡಿದು ಭುವನೇಶ್ವರಿ ಬಂದಳು.

"ಅವ್ವಾ."

ಸಂಗಮ್ಮ ಮಗಳ ಮುಖ ಹಿಡಿದು ನೋಡಿದಳು. ಕುಕ್ಕರುಗಾಲಲ್ಲಿ ಕೂತು ಆಮ್ರಪಾಲಿಯನ್ನು ಎಳೆದು ತಬ್ಬಿಕೊಂಡಳು. ಮಗು ಹೊಸ ಮುದುಕಿಯನ್ನು ಕಂಡು ಬೆದರಲಿಲ್ಲ. "ಫೋನಿನ ಅಜ್ಜಿ" ಎಂದಿತು.

"ಅವರು ಬರಲಿಲ್ಲವ್ವ" ಎಂದಳು ಭುವನೇಶ್ವರಿ, ಗಂಡನ ಬಗ್ಗೆ. "ಅಣ್ಣಾಗ ಸಂಕಟ ಆಗಬಾರದು ಅಂತ ಡ್ಯೂಟಿಗಿ ಹೋದ್ರು. ಪುಂಡಿ ಪಲ್ಯ ಮಾಡೀನಿ, ರೊಟ್ಟಿ, ಶೇಂಗಾ ಹಿಂಡಿ, ತಳದಾಗ ಹುಗ್ಗಿ ಅದ. ಬಿಸಿ ಬಿಸಿ ಉಣ್ಣು."

ಅಷ್ಟರಲ್ಲಿ ಓಂಪ್ರಕಾಶ ಕಂಡ. ಅವನ ಮುಖ ಸುಣ್ಣವಾಯಿತು. ಬೈಯುವವನಿದ್ದ, ಆದರೆ ಬೆನ್ನ ಹಿಂದೆ ಧನರಾಜ ನಿಂತಿದ್ದ.

"ಯಾರ್ರೀ ಓಂಪ್ರಕಾಶ ಅವರು?" ಎಂದ ಧನರಾಜ.

ಓಂಪ್ರಕಾಶ ತಂಗಿಯನ್ನು ನೋಡಲಿಲ್ಲ. "ನಮ್ಮ ಊರ ಕಡಿ ಹೆಣ್ಣಮಗಳು" ಎಂದ. "ಇವ್ರ ಮಂದಿ ನಮ್ಮ ಮನಿಗಿ ದುಡ್ಯಾಕ ಬರ್ತಿದ್ರು. ಅವ್ವನ ಗುರುತು."

ಭುವನೇಶ್ವರಿ ತಾಯಿಯ ಮುಖ ನೋಡಿದಳು. ಪೂನಂ ತಲೆ ತಗ್ಗಿಸಿದಳು. ಈಗ ಒಂದು ಮಾತು ಆಡಿದರೆ ಸಾಕಿತ್ತು, "ಇಕಿ ನನ್ನ ಮಗಳು" ಎಂದರೆ ಮುಗಿಯುತ್ತಿತ್ತು. ಸಂಗಮ್ಮನ ಬಾಯಿ ತೆರೆಯಿತು, ಆದರೆ ಧನರಾಜನ ಕಣ್ಣು ಕಂಡು ಮುಚ್ಚಿಕೊಂಡಿತು. ಅವಳು ಚೀಲದಿಂದ ಕುಬಸದ ಕಣ, ಕಾಲ್ಗೆಜ್ಜೆ ತೆಗೆದು ಮಗಳ ಕೈಗೆ ತುರುಕಿದಳು. ದುಡಿಯುವವರಿಗೆ ಹಬ್ಬದ ದಿನ ಕೊಡುವಂತೆಯೇ ಕಂಡಿತು ಅದು. ಬಸ್ಸು ಹಾರ್ನು ಹೊಡೆಯಿತು. ಓಂಪ್ರಕಾಶ ತಾಯಿಯ ರಟ್ಟೆ ಹಿಡಿದು ಹತ್ತಿಸಿದ.

"ಸಂಜಿಗಿ ಇಲ್ಲೇ ಇರ್ತೀನಿ" ಎಂದು ಭುವನೇಶ್ವರಿ ಕೆಳಗಿನಿಂದ ಕೂಗಿದಳು. "ಡಬ್ಬಿ ಒಯ್ಯಾಕ ಬರ್ತೀನಿ."

ಆ ದಿನದ ಗೋವಾ ಯಾರಿಗೂ ಸೊಗಸಲಿಲ್ಲ. ಬಸ್ಸು ಮೊದಲು ಗೋಡಂಬಿ ಅಂಗಡಿಯ ಮುಂದೆ ನಿಂತಿತು, ಆಮೇಲೆ ಅತ್ತರಿನ ಅಂಗಡಿಯ ಮುಂದೆ, ಆಮೇಲೆ ಮತ್ತೊಂದು ಗೋಡಂಬಿ ಅಂಗಡಿಯ ಮುಂದೆ. ಬೀಚೆಂದು ಇಳಿಸಿದಲ್ಲಿ ಒಡೆದ ಬಾಟಲಿ, ಪ್ಲಾಸ್ಟಿಕ್ಕು, ಅಲೆ ತಂದು ಹಾಕಿದ ಹಳೆಯ ಚಪ್ಪಲಿ. ಮರಳಿನಲ್ಲಿ ನಾಯಿಯೊಂದು ಕಕ್ಕುತ್ತಿತ್ತು. ಪೂನಂ ಒಂದು ಫೋಟೋ ತೆಗೆದು ಫೋನು ಚೀಲಕ್ಕೆ ಹಾಕಿದಳು. ಸಂಗಮ್ಮ ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು ಎಲ್ಲಿಯೂ ಇಳಿಯದೆ ಕೂತಿದ್ದಳು. ಸ್ಟೀಲಿನ ಬಿಸಿ ಸೀರೆಯ ಮೇಲಿಂದ ತೊಡೆಗೆ ತಾಗುತ್ತಿತ್ತು.

ಮಧ್ಯಾಹ್ನ ದಂಡೆಯ ಹತ್ತಿರದ ಒಂದು ತಗಡಿನ ಹೋಟೆಲಿನಲ್ಲಿ ಊಟ. ಓಂಪ್ರಕಾಶ, ಧನರಾಜ ಒಂದು ಮೇಜಿಗೆ ಕೂತು ಕರಿದ ಮೀನು ತರಿಸಿದರು. ಊರಲ್ಲಿ ತತ್ತಿಯ ಹೆಸರು ಹೇಳಿದರೆ ಮೂಗು ಮುಚ್ಚುವ ಮಗ ಮೀನಿನ ಮುಳ್ಳು ಚೀಪುತ್ತಿರುವುದನ್ನು ಸಂಗಮ್ಮ ನೋಡಿದಳು. ನೋಡಿ ಮುಖ ತಿರುಗಿಸಿ ಡಬ್ಬಿಯ ಮುಚ್ಚಳ ತೆಗೆದಳು. ಪುಂಡಿಯ ಹುಳಿ ವಾಸನೆಗೆ ಬಾಯಲ್ಲಿ ನೀರು ಬಂತು.

ರೊಟ್ಟಿ ಮುರಿಯುವಷ್ಟರಲ್ಲಿ ಓಂಪ್ರಕಾಶ ಎದ್ದು ಬಂದ.

"ಅವ್ವಾ, ಯಾರ ಮನಿದು ಅದು ಅಂತ ಮಾಲೂಮ್ ಅದ ಇಲ್ಲ ನಿನಗ?"

"ನನ್ನ ಮಗಳ ಮನಿದು."

"ಹಳ್ಳಕ್ಕ ಬಿತ್ತು ಮಗಳ ಮಾತು. ಧನರಾಜ ಎಲ್ಲಾ ನೋಡಾಕತ್ತಾನ. ನಾಳಿ ಊರಾಗ ಅಪ್ಪಗ ಹೇಳಿದ್ರ? ಕೊಡು ಇಲ್ಲಿ."

"ಹಸಿವಾಗ್ಯಾದೋ ನಂಗ" ಎಂದಳು ಸಂಗಮ್ಮ. ಅವಳ ದನಿ ಸಣ್ಣ ಕೂಸಿನದರಂತಿತ್ತು.

ಅವನು ಮೀನಿನ ಎಣ್ಣೆ ಮೆತ್ತಿದ ಕೈಯಿಂದಲೇ ಡಬ್ಬಿ ಎತ್ತಿಕೊಂಡ. ಹೋಟೆಲಿನ ಪಕ್ಕದ ದೊಡ್ಡ ಕಸದ ಬುಟ್ಟಿಯಲ್ಲಿ ಮೀನಿನ ತಲೆ, ಎಳನೀರಿನ ಬುರುಡೆ ತುಂಬಿದ್ದವು. ಒಂದೊಂದೇ ಅಂತಸ್ತು ಬಿಚ್ಚಿ ಅದರೊಳಗೆ ಬಡಿದ. ರೊಟ್ಟಿ, ಪಲ್ಯ, ಹಿಂಡಿ, ಹುಗ್ಗಿ. ಕೊನೆಗೆ ನಲ್ಲಿಯ ಕೆಳಗೆ ಡಬ್ಬಿ ತೊಳೆದು, ನೀರು ಝಾಡಿಸಿ ತಂದು ತಾಯಿಯ ಮುಂದಿಟ್ಟ. "ಡಬ್ಬಿ ಗಟ್ಟಿ ಸ್ಟೀಲಿಂದು. ಇಟ್ಕೋ" ಎಂದ.

ರೊಟ್ಟಿಗೆ ಮೈಲಿಗೆ, ಸ್ಟೀಲಿಗೆ ಇಲ್ಲ. ತಾನು ಹೆತ್ತ ಮಗನ ಮೇಲೆಯೇ ಇಷ್ಟು ಅಸಹ್ಯ ಹುಟ್ಟಬಹುದೆಂದು ಸಂಗಮ್ಮ ತಿಳಿದಿರಲಿಲ್ಲ. ಪೂನಂ ತನ್ನ ತಾಟಿನ ಅನ್ನ ಬಿಟ್ಟು ಎದ್ದು ಬಂದು ಅತ್ತೆಯ ಪಕ್ಕ ಕೂತಳು. ಅಂದು ಇಬ್ಬರೂ ಉಣ್ಣಲಿಲ್ಲ.

ಸಂಜೆ ಬಸ್ಸು ಗೇಟಿಗೆ ಬಂದಾಗ ಭುವನೇಶ್ವರಿ ಮುಂಜಾನೆಯ ಜಾಗದಲ್ಲೇ ನಿಂತಿದ್ದಳು. ಆಮ್ರಪಾಲಿಯ ಕಾಲಲ್ಲಿ ಗೆಜ್ಜೆ ಇದ್ದವು. ಓಂಪ್ರಕಾಶ ಮುಖ ತಿರುಗಿಸಿ ಧನರಾಜನ ಜೊತೆ ಒಳಗೆ ನಡೆದುಬಿಟ್ಟ. ಮಗಳು ತಾಯಿಯ ಕೈಯಲ್ಲಿದ್ದ ಡಬ್ಬಿ ಅಲ್ಲಾಡಿಸಿ ನೋಡಿದಳು. ಖಾಲಿಯಾಗಿತ್ತು. ಅವಳ ಮುಖ ಅರಳಿತು.

"ಎಲ್ಲಾ ಉಂಡ್ರೇನವ್ವಾ?"

ಸಂಗಮ್ಮನಿಗೆ ನಿಜ ಹೇಳಲಾಗಲಿಲ್ಲ. "ಹೂಂನವ್ವ. ಎಲ್ಲಾ ಉಂಡ್ವಿ" ಎಂದಳು.

"ಅಣ್ಣಾನೂ?"

"ಅಣ್ಣಾನೂ."

ಭುವನೇಶ್ವರಿ ಸೆರಗಿನಿಂದ ಕಣ್ಣೊರೆಸಿಕೊಂಡು ಡಬ್ಬಿಗೆ ಕೈ ಚಾಚಿದಳು. ಸಂಗಮ್ಮ ಕೊಡಲಿಲ್ಲ. ಮಗಳ ಮನೆಯಿಂದ ಬುತ್ತಿ ಬಂದ ಡಬ್ಬಿಯನ್ನು ಅವರ ಸೀಮೆಯಲ್ಲಿ ಬರಿದೇ ಮರಳಿಸುವುದಿಲ್ಲ. ಹಿಡಿ ಸಕ್ಕರೆಯಾದರೂ ಹಾಕಿ ಕೊಡಬೇಕು. ಅವಳ ಚೀಲದಲ್ಲಿ ಒಂದು ಉಂಡಿಯೂ ಉಳಿದಿರಲಿಲ್ಲ. "ಬರಿ ಡಬ್ಬಿ ಕೊಡಬಾರದು. ತುಂಬಿಸಿ ಕಳಸ್ತೀನಿ" ಎಂದು ಎದೆಗೆ ಅವುಚಿಕೊಂಡು ಒಳಗೆ ಹೋದಳು.

ಊರಿಗೆ ಮರಳಿದ ಮೇಲೆ ಓಂಪ್ರಕಾಶ ಓಣಿಯವರಿಗೆಲ್ಲ ಹಡಗಿನ ಫೋಟೋ ತೋರಿಸಿದ. ಸಂಗಮ್ಮ ಡಬ್ಬಿಯನ್ನು ಅಡುಗೆಮನೆಯ ಗೋಡೆಯ ಹಲಗೆ-ಫಳಿಯ ಮೇಲೆ ಇಟ್ಟಳು. ಅಂದಿನಿಂದ ಅವಳು ಮಗನಿಗೆ ಬಡಿಸುವುದನ್ನು ಬಿಟ್ಟಳು. ಅವನು ಕೂತರೆ ಏನಾದರೂ ಕೆಲಸ ತೆಗೆದು ಹಿತ್ತಿಲಿಗೆ ಹೋಗುತ್ತಿದ್ದಳು. ಅವನು ಬಾಯಿ ಚಪ್ಪರಿಸುವ ಸದ್ದು ಕೇಳಿದರೆ ಅವಳಿಗೆ ಆ ಮೀನಿನ ಮುಳ್ಳು ನೆನಪಾಗುತ್ತಿತ್ತು.

"ಅವ್ವಗ ಏನಾಗ್ಯಾದ?" ಎಂದು ಅವನು ಪೂನಂಳನ್ನು ಕೇಳಿದ.

"ಹಡಗಿನ ತಲಿಸುತ್ತು ಇನ್ನ ಇಳದಿಲ್ಲ ಕಾಣ್ತದ್ರಿ" ಎಂದಳು ಪೂನಂ.

ಹೀಗೆ ವಾರಗಳು ಕಳೆದವು. ಡಬ್ಬಿಯಲ್ಲಿ ಏನು ತುಂಬಬೇಕು, ಯಾರ ಕೈಯಲ್ಲಿ ಕಳಿಸಬೇಕು ಎಂದು ಸಂಗಮ್ಮನಿಗೆ ಬಗೆಹರಿಯಲಿಲ್ಲ. ವಾಸ್ಕೋಕ್ಕೆ ಹೋಗಿ ಬರುವವರು ಓಣಿಯಲ್ಲಿ ಯಾರಿದ್ದಾರೆ? ಅಷ್ಟರಲ್ಲಿ ಓಂಪ್ರಕಾಶನ ಹಳೆಯ ಡಬ್ಬಿಯ ಕ್ಲಿಪ್ಪು ಮುರಿಯಿತು. ಒಂದು ಮುಂಜಾನೆ ಸಂಗಮ್ಮ ಪೂಜೆ ಮುಗಿಸಿ ಬಂದಾಗ ಫಳಿ ಬರಿದಾಗಿತ್ತು.

"ಡಬ್ಬಿ ಎಲ್ಲದ?"

"ಅವ್ರೇ ತಾವೇ ಇಳಿಸಿ ಕೊಟ್ರು, ಇದ್ರಾಗ ಬುತ್ತಿ ಕಟ್ಟು ಅಂತ" ಎಂದಳು ಪೂನಂ. ಅವಳ ಬಾಯಂಚಿನಲ್ಲಿ ಏನೋ ಕುಣಿಯುತ್ತಿತ್ತು. "ನಾನೂ ಕಟ್ಟಿ ಕೊಟ್ಟೆ. ಬ್ಯಾಡ ಅನ್ನಾಕ ನಾ ಯಾರು?"

ಮುಂದೆ ಹಲವು ದಿನ ಓಂಪ್ರಕಾಶ ಅದೇ ಡಬ್ಬಿ ಹಿಡಿದು ಹುಮನಾಬಾದಿಗೆ ಹೋಗಿಬಂದ. ಅಂಗಡಿಯಲ್ಲಿ ಗೊಬ್ಬರದ ಚೀಲಗಳ ನಡುವೆ ಕೂತು ಅದರಲ್ಲೇ ಉಂಡ. ಊಟ ಬಿಸಿಯಾಗಿ ಇರುತ್ತದೆ, ಹಳೆಯ ಕಾಲದ ಸ್ಟೀಲು ಎಂದು ಹೊಗಳಿದ. ಸಂಗಮ್ಮ ನೋಡುತ್ತ ಸುಮ್ಮನಿದ್ದಳು. ಆದರೆ ಒಂದು ಆದಿತ್ಯವಾರ ಅವನು ತಂದೆಯ ಮುಂದೆಯೇ, "ಅವ್ವಾ, ಈ ಡಬ್ಬಿ ಇನ್ನ ನಂದ" ಎಂದಾಗ ಅವಳ ಸಹನೆ ಹರಿಯಿತು.

"ಓಂಪ್ರಕಾಶ, ಡಬ್ಬಿ ಜರಾ ಬೋರಲ ಹಾಕಿ ತಳ ನೋಡು."

ಅವನು ನೋಡಿದ. ತಳದಲ್ಲಿ ಪಾತ್ರೆ ಅಂಗಡಿಯ ಮಿಷಿನ್ನಿನಿಂದ ಚುಕ್ಕಿ ಚುಕ್ಕಿಯಾಗಿ ಹೆಸರು ಕೊರೆದಿತ್ತು. ಸೋನುಬಾಯಿ ಮಚ್ಚೇಂದ್ರ, ಮೋರಖಂಡಿ.

ಮಗ ಸೊಸೆ ಹೊಸ ಮನೆ ಹೂಡುವಾಗ ಸೋನುಬಾಯಿ ಕೊಟ್ಟ ಪಾತ್ರೆ ಅದು. ಓಂಪ್ರಕಾಶ ಡಬ್ಬಿ ಕೆಳಗೆ ಬಿಟ್ಟ. ಬಚ್ಚಲಿಗೆ ಓಡಿ ಬಾಯಿ ಮುಕ್ಕಳಿಸತೊಡಗಿದ. ಇಷ್ಟು ದಿನ ಉಂಡದ್ದೆಲ್ಲ ಈಗ ಹೊರಬರುತ್ತದೆಯೇ? ಅವನು ಕ್ಯಾಕರಿಸಿ ಉಗುಳುವುದನ್ನು ನೋಡುತ್ತ ಸಂಗಮ್ಮನಿಗೆ ನಗು ಬರಬೇಕಿತ್ತು, ಹೇಸಿಗೆಯೇ ಬಂತು.

"ಏನದು? ಏನಾತು?" ಎಂದ ವೈಜನಾಥ.

ಸಂಗಮ್ಮ ಬಂದರಿನಿಂದ ಹಿಡಿದು ಎಲ್ಲವನ್ನೂ ಹೇಳಿದಳು. ಮಗ ತಂಗಿಯನ್ನು ಏನೆಂದು ಗುರುತು ಹೇಳಿದ, ಬುತ್ತಿ ಎಲ್ಲಿ ಚೆಲ್ಲಿದ, ಕೈಯಲ್ಲಿ ಏನು ಮೆತ್ತಿತ್ತು ಎಂಬುದನ್ನೂ ಬಿಡಲಿಲ್ಲ. ವೈಜನಾಥನಿಗೆ ಮೀನಿನ ಮಾತು ಕೇಳಿಸಲೇ ಇಲ್ಲವೆಂದು ಕಾಣುತ್ತದೆ.

"ಅಂದ್ರ ಹಡಗಿನ ನೆಪ ಮಾಡಿ ಅಕಿನ್ನ ನೋಡಾಕ ಹೋಗಿದ್ದಿ. ಆ ಡಬ್ಬಿ ಮನ್ಯಾಗ ಯಾಕ ಇಟ್ಟಿ? ತಿಪ್ಪಿಗಿ ಒಗಿ ಮೊದಲ."

"ಒಗಿಯೂದು, ಚೆಲ್ಲೂದು ಸಾಕಾಗ್ಯಾದ ನಂಗ. ತುಂಬಿಸಿ ಕೊಟ್ಟು ಬರ್ತೀನಿ."

"ಯಾರಿಗಿ?"

"ಹೆಸರದಲ್ಲ ತಳದಾಗ. ಅವ್ರಿಗಿ."

ವೈಜನಾಥ ಎದ್ದು ನಿಂತ. "ಆ ಮನಿ ಹೊಸ್ತಿಲ ದಾಟಿದ್ರ ಈ ಮನಿ ಹೊಸ್ತಿಲ ದಾಟಬ್ಯಾಡ ಮತ್ತ. ಹೇಳೀನಿ."

"ಆಯ್ತು. ಹಂಗಾದ್ರ ಸಂಜಿ ರೊಟ್ಟಿ ನೀವು ನಿಮ್ಮ ಮಗ ಕೂಡಿ ಬಡೀರಿ."

"ಪೂನಂ ಇದ್ದಾಳ" ಎಂದ ಓಂಪ್ರಕಾಶ ಬಚ್ಚಲಿನಿಂದ.

"ನಂಗೂ ತಲಿಸುತ್ತು ಬಂದದ್ರಿ" ಎಂದಳು ಪೂನಂ, ಬೆಲ್ಲ ಕುಟ್ಟಲು ಕೂಡುತ್ತ.

ಮರುದಿನ ಅತ್ತೆ-ಸೊಸೆ ಸೇರಿ ಶೇಂಗಾ ಹೋಳಿಗೆ ಮಾಡಿದರು. ಸಂಗಮ್ಮ ಡಬ್ಬಿಯನ್ನು ಹುಣಸೆಹಣ್ಣು ಹಚ್ಚಿ ಬೆಳಗಿ, ಮೂರೂ ಅಂತಸ್ತು ತುಂಬಿಸಿದಳು. ವೈಜನಾಥ ಪಡಸಾಲೆಯಲ್ಲಿ ಪೇಪರು ಹಿಡಿದು ಕೂತಿದ್ದ. ಅದು ಸೋಮವಾರವಾಗಿತ್ತು, ಸಂಜೆಗೆ ಅವನಿಗೆ ಪ್ರಾರ್ಥನೆ ಇತ್ತು. ಹೆಂಡತಿ ಡಬ್ಬಿ ಹಿಡಿದು ಎದುರಿಗೇ ಹಾಯ್ದು ಹೋದಾಗ ಅವನು ಪೇಪರು ಇಳಿಸಲಿಲ್ಲ.

ಮೋರಖಂಡಿಗೆ ಟಂಟಂ ಆಟೋದಲ್ಲಿ ಹೋಗಲು ಎಷ್ಟು ಹೊತ್ತು? ಸಂಗಮ್ಮ ಸೀಟಿನಲ್ಲಿ ಸರಿಯಾಗಿ ಕೂಡುವಷ್ಟರಲ್ಲಿ ಊರು ಬಂದಿತ್ತು. ಈ ಆರು ವರ್ಷ ಇದೇ ರಸ್ತೆಯಲ್ಲಿ ಮದುವೆಗೆ, ಸಾವಿಗೆ ಹಾಯ್ದಿದ್ದಳು. ಒಮ್ಮೆಯೂ ಇಳಿದಿರಲಿಲ್ಲ.

ಬುದ್ಧ ವಿಹಾರದ ಹಿಂದಿನ ಮನೆ ಎಂದು ಒಬ್ಬಳು ತೋರಿಸಿದಳು. ಸೋನುಬಾಯಿ ಅಂಗಳದಲ್ಲಿ ಮೊರ ಹಿಡಿದು ಜೋಳ ಕೇರುತ್ತಿದ್ದಳು. ಕೂದಲು ಪೂರಾ ಬೆಳ್ಳಗಾಗಿತ್ತು. ಸಂಗಮ್ಮನನ್ನು ಕಂಡು ಮೊರ ಕೆಳಗಿಟ್ಟಳು. ಆದರೆ ಮೊದಲಿನಂತೆ ಗಡಬಡಿಸಿ ಎದ್ದು ಸೆರಗು ಹೊದೆಯಲಿಲ್ಲ.

"ಬರ್ರಿ" ಎಂದಳು. ಕಣ್ಣು ಡಬ್ಬಿಯ ಮೇಲೆ ಬಿತ್ತು. ಬಿಗಿದ ಮುಖ ತುಸು ಸಡಿಲಾಯಿತು. "ಭುವನಿ ಅವತ್ತೇ ಫೋನ್ ಮಾಡಿದ್ಳು. ನೀವು ಎಲ್ಲಾ ಉಂಡ್ರಂತ, ಅವ್ರ ಅಣ್ಣ ಭಿ ಉಂಡನಂತ. ಹೇಳಿ ಹೇಳಿ ಅತ್ತಾಳ. ಜೋಳದ ಹಿಟ್ಟು ನಾನ ಬೀಸಿ ಕಳಿಸಿದ್ದು. ಪುಂಡಿ ನಮ್ಮ ಹಿತ್ತಲದ್ದು. ಹ್ಯಾಂಗಿತ್ರಿ ಪಲ್ಯ?"

ಚಲೋ ಇತ್ತು ಎಂದು ಒಂದು ಮಾತು ಹೇಳಿ, ಹೋಳಿಗೆ ಕೊಟ್ಟು ಮರಳಬಹುದಿತ್ತು. ಮಗಳ ಖುಷಿಯೂ ಉಳಿಯುತ್ತಿತ್ತು. ಆದರೆ ಆ ಸುಳ್ಳು ಬಂದರಿನಿಂದ ಇಲ್ಲಿಯ ತನಕ ಸಂಗಮ್ಮನ ಬಾಯಲ್ಲಿ ಹಳಸಿ ನಾರುತ್ತಿತ್ತು. ಇನ್ನೊಮ್ಮೆ ಅದನ್ನು ನುಂಗುವುದು ಅವಳಿಂದ ಆಗಲಿಲ್ಲ.

"ಉಣ್ಣಲಿಲ್ರಿ ಸೋನುಬಾಯಿ" ಎಂದಳು. ಆ ಹೆಂಗಸಿಗೆ ಅವಳು 'ರಿ' ಹಚ್ಚಿ ಮಾತಾಡಿದ್ದು ಅದೇ ಮೊದಲು. "ನನ್ನ ಮಗ ಕಸದ ಬುಟ್ಟ್ಯಾಗ ಚೆಲ್ಲಿದ. ನಾ ನೋಡಕೋತ ನಿಂತೆ. ಮಗಳಿಗಿ ಸುಳ್ಳ ಹೇಳಿ ಬಂದೀನಿ."

ಕೇರಿದ ಜೋಳದ ಮೇಲೆ ಒಂದು ಕೋಳಿ ಬಂತು, ಸೋನುಬಾಯಿ ಓಡಿಸಲಿಲ್ಲ. ಆಮೇಲೆ ಡಬ್ಬಿ ಇಸಿದುಕೊಂಡು ಮುಚ್ಚಳ ತೆಗೆದು ಹೋಳಿಗೆ ನೋಡಿದಳು, ಮುಚ್ಚಿದಳು, ಒಳಗೆ ಹೋದಳು. ಸಂಗಮ್ಮ ಅಂಗಳದಲ್ಲೇ ನಿಂತಳು. ಬೈದರೆ ಬೈಸಿಕೊಳ್ಳೋಣ, ಹೋಗೆಂದರೆ ಹೋಗೋಣ ಎಂದುಕೊಂಡಳು. ಒಳಗಿನಿಂದ ರೊಟ್ಟಿ ಬಡಿಯುವ ಸದ್ದು ಕೇಳಿಸಿತು.

"ಹೊರಗ ಯಾಕ ನಿಂತೀರಿ? ಒಳಗ ಬರ್ರಿ."

ಒಲೆಯ ಪಕ್ಕ ಮಣೆ ಹಾಕಿತ್ತು. ಸೋನುಬಾಯಿ ಹಂಚಿನಿಂದ ತೆಗೆದ ರೊಟ್ಟಿಯನ್ನು ನೇರ ತಾಟಿಗೆ ಹಾಕಿದಳು. ಮೇಲೆ ಪುಂಡಿ ಪಲ್ಯ, ಒಂದು ಹನಿ ಎಣ್ಣೆ. "ಉಣ್ರಿ" ಎಂದು ಎದುರಿಗೆ ಕೂತು ನೋಡತೊಡಗಿದಳು. ಅವಳ ನೋಟದಲ್ಲಿ ಸಿಟ್ಟೂ ಇರಲಿಲ್ಲ, ಉಪಚಾರವೂ ಇರಲಿಲ್ಲ. ಈ ಸಲ ಎಲ್ಲಿ ಹೋಗುತ್ತದೆ ನೋಡುತ್ತೇನೆ ಎನ್ನುವಂತಿತ್ತು.

ಸಂಗಮ್ಮ ಮೊದಲ ತುತ್ತು ಮುರಿದಳು. ಗಂಟಲು ಹಿಡಿದೀತೆಂದು ಅವಳಿಗೆ ಒಳಗೊಳಗೇ ಹೆದರಿಕೆಯಿತ್ತು. ಹುಟ್ಟಿದಾಗಿನಿಂದ ಬಂದ ಅಭ್ಯಾಸ, ಎಲ್ಲಿ ಹೋಗುತ್ತದೆ? ಆದರೆ ತುತ್ತು ತಡೆಯದೆ ಇಳಿಯಿತು. ಎರಡನೆಯದೂ ಇಳಿಯಿತು. ತನ್ನ ಮನೆಯ ರೊಟ್ಟಿಯಂತೆಯೇ ಇತ್ತು, ಪಲ್ಯಕ್ಕೆ ಉಪ್ಪು ಒಂದು ಕಣ ಹೆಚ್ಚು, ಅಷ್ಟೇ. ಇಷ್ಟು ಸಲೀಸಾಗಿ ಇಳಿಯುವ ಅನ್ನಕ್ಕೆ ಹೆದರಿ ಆರು ವರ್ಷ ಮಗಳನ್ನು ದೂರ ಇಟ್ಟೆವಲ್ಲ ಎಂದು ಅವಳಿಗೆ ತನ್ನ ಗಂಡನ ಮೇಲೆ, ಮಗನ ಮೇಲೆ, ಎಲ್ಲಕ್ಕಿಂತ ಹೆಚ್ಚಾಗಿ ತನ್ನ ಮೇಲೆಯೇ ಹೇಸಿಗೆಯಾಯಿತು. ಕಣ್ಣೀರು ಪಲ್ಯದ ಮೇಲೆ ಬಿದ್ದಿತು. ಅವಳು ಒರೆಸಿಕೊಳ್ಳದೆ ಉಂಡಳು. ಇನ್ನೊಂದು ರೊಟ್ಟಿ ಬಿತ್ತು, ಅದನ್ನೂ ಉಂಡಳು.

"ಭುವನಿಗಿ ಖರೆ ಹೇಳೋರು ನೀವು" ಎಂದಳು ಸೋನುಬಾಯಿ. "ನನ್ನ ಕೈಲಿ ಆಗಂಗಿಲ್ಲ."

"ನಾನ ಹೇಳ್ತೀನಿ. ಇವತ್ತ ಹೇಳ್ತೀನಿ."

ಊಟ ಮುಗಿದಿತ್ತು. ಸಂಗಮ್ಮ ತಾಟು ಎತ್ತಿಕೊಂಡು ಎದ್ದಳು. ಅಂಗಳದ ಮೂಲೆಯಲ್ಲಿ ನೀರಿನ ಹಂಡೆ, ತಿಕ್ಕುವ ಕಲ್ಲು ಕಂಡವು. ಅತ್ತ ನಡೆದು, ಬಗ್ಗಿ, ತಾಟು ಕಲ್ಲಿನ ಮೇಲಿಟ್ಟು ನೀರಿಗೆ ಕೈ ಹಾಕಿದಳು.

ಸೋನುಬಾಯಿ ಹಿಂದೆಯೇ ಬಂದು ಆ ತಾಟು ಕಸಿದುಕೊಂಡಳು.

"ಬಿಡ್ರಿ. ನಮ್ಮ ಮನ್ಯಾಗ ಉಂಡವ್ರ ಕಡಿಂದ ತಾಟು ತೊಳಸಂಗಿಲ್ಲ."

ಹೇಳಿ, ಕಲ್ಲಿನ ಮುಂದೆ ಕೂತು ಬೂದಿ ತೆಗೆದುಕೊಂಡು ತಿಕ್ಕತೊಡಗಿದಳು. ಸಂಗಮ್ಮ ಎಂಜಲು ಕೈ ತೊಳೆಯುವುದನ್ನೂ ಮರೆತು ನೋಡುತ್ತ ನಿಂತಳು.